ಕಾಲು ಸುತ್ತು ಸಡಿಲ

ಅಡಿಗೆಮನೆಯ ಮೇಜಿನಿಂದ,
ಸೋಮವಾರ, ಹದಿನಾರನೇ ತಾರೀಕು, ಸಂಜೆ

ನನ್ನ ಮುದ್ದು ಅಕ್ಕಾ,

ನಿನ್ನ ಹಲ್ಲುನೋವು ಹೇಗಿದೆ? ಕೀಳಿಸಿಕೊಂಡೆಯಾ, ಇನ್ನೂ ಡಾಕ್ಟರಿಗೆ ಚಳ್ಳೆಹಣ್ಣು ತಿನ್ನಿಸುತ್ತಿದ್ದೀಯಾ? ನಾವಿಬ್ಬರೂ ಚೆನ್ನಾಗಿದ್ದೇವೆ. ನಮ್ಮವರು (ಹೀಗೆ ಬರೆಯುವಾಗ ಇನ್ನೂ ನಗು ಬರುತ್ತದೆ) ಎಷ್ಟು ಅಚ್ಚುಕಟ್ಟು ಎಂದರೆ, ಮನೆಯ ಡಬ್ಬಿಗಳ ಮುಚ್ಚಳಗಳನ್ನೆಲ್ಲ ನಟ್ಟು ಬಿಗಿದ ಹಾಗೆ ಬಿಗಿದಿಡುತ್ತಾರೆ. ಸಕ್ಕರೆ ಬೇಕೆಂದರೂ ಅವರನ್ನೇ ಕೂಗಬೇಕು. ನಮ್ಮ ಲ್ಯಾಬಿನ ಯಂತ್ರ ರಿಪೇರಿಯವರನ್ನೇ ಕಟ್ಟಿಕೊಂಡರೆ ಹೀಗೇ. ನನಗೆ ಅದೂ ಇಷ್ಟವೇ ಬಿಡು.

ಆದರೆ ಇವತ್ತು ಮೈಯೆಲ್ಲ ಉರಿಯುತ್ತಿದೆ. ನನ್ನ ಕೆಲಸ ನಿನಗೆ ಗೊತ್ತಲ್ಲ: ಪ್ರಾಣಿಯ ಜೀವಕೋಶಗಳನ್ನು ಪುಟ್ಟ ಬಾಟಲಿಗಳಲ್ಲಿ ಸಾಕಿ, ಅವುಗಳೊಳಗೆ ಡಿಎನ್‌ಎ ಸೇರಿಸಿದರೆ, ನಾವು ಕೇಳಿದ ಪ್ರೋಟೀನನ್ನು ಮಾಡಿಕೊಡುತ್ತವೆ. ಬಾಟಲಿಗಳು ಬೆಚ್ಚಗಿನ ಪೆಟ್ಟಿಗೆಯೊಳಗೆ ತೊಟ್ಟಿಲಿನಂತೆ ತೂಗುತ್ತಿರಬೇಕು. ಮುಚ್ಚಳ ಕಾಲು ಸುತ್ತು ಸಡಿಲವಿರಬೇಕು, ಇಲ್ಲದಿದ್ದರೆ ಕೋಶಗಳು ಉಸಿರುಕಟ್ಟಿ ಸಾಯುತ್ತವೆ. ಗುರುವಾರ ಹನ್ನೆರಡು ಬಾಟಲಿಗೆ ಡಿಎನ್‌ಎ ಸೇರಿಸಿ, ಒಂದೊಂದರ ಮುಚ್ಚಳವನ್ನೂ ನನ್ನ ಕೈಯಾರೆ ಸಡಿಲಿಸಿದ್ದೆ.

ಇವತ್ತು ನಾನು ಹೋಗುವಷ್ಟರಲ್ಲಿ ನಮ್ಮ ಮುಖ್ಯಸ್ಥರು ಎಲ್ಲವನ್ನೂ ತೆರೆದು ನೋಡಿದ್ದರು. (ಬೈಯುವ ಮೊದಲು ಕೆಮ್ಮುವುದರಿಂದ ಅವರಿಗೆ ಕೆಮ್ಮಣ್ಣ ಎಂದೇ ಹೆಸರು.) ಹನ್ನೆರಡರಲ್ಲೂ ಕೋಶಗಳು ಸತ್ತಿದ್ದವು, ಪ್ರೋಟೀನ್ ಹೆಸರಿಗೂ ಇಲ್ಲ. ಎಲ್ಲರೆದುರು ಕೆಮ್ಮಿ, "ಮುಚ್ಚಳ ಬಿಗಿಯಾಗಿತ್ತಮ್ಮ. ಹೊಸ ಮದುವೆ ನೋಡಿ, ಮೈ ಇಲ್ಲಿ, ಮನಸ್ಸು ಗಂಡನ ಹತ್ರ. ನಾಳೆಯಿಂದ ಬಾಟಲಿ ತೊಳೆಯೋ ಕಡೆ ಇರಿ" ಎಂದರು. ಎಲ್ಲರೂ ನಕ್ಕರು, ಅಕ್ಕಾ. ಎರಡು ವರ್ಷ ಒಂದು ಬಾಟಲಿಯೂ ಕೆಡದಂತೆ ನೋಡಿಕೊಂಡವಳು ನಾನು. ಮದುವೆಯಾಗಿ ಆರು ವಾರಕ್ಕೆ ಬೆರಳುಗಳಿಗೆ ಕೆಲಸ ಮರೆತುಹೋಗುತ್ತದೆಯೇ? ಇದೇ ಕೆಮ್ಮಣ್ಣ ಮದುವೆಯಾದಾಗ ಅವರಿಗೆ ಯಾರಾದರೂ ಹೀಗೆಂದರೇ? ಯಾರೋ ಬಿಗಿದಿದ್ದಾರೆ, ನಾನಲ್ಲ. ನನ್ನ ಮದುವೆಗೂ ಆ ಮುಚ್ಚಳಕ್ಕೂ ಸಂಬಂಧವಿಲ್ಲ ಎಂದು ನಾಳೆ ಮುಖಕ್ಕೆ ಹೊಡೆದ ಹಾಗೆ ಹೇಳಿ ಬರುತ್ತೇನೆ.

ಭಾವನಿಗೆ ನಮಸ್ಕಾರ. ಮಕ್ಕಳ ಕೆನ್ನೆ ನನ್ನ ಪರವಾಗಿ ಹಿಂಡು.

ನಿನ್ನ ಸಿಡಿಮಿಡಿ ತಂಗಿ,
ಪುಟ್ಟಿ

ತಾ.ಕ.: ಈಗಷ್ಟೇ ಇದನ್ನು ಇವರಿಗೆ ಓದಿ ಹೇಳಿದೆ. ಮುಖ ಹಿಡಿಯಷ್ಟಾಯಿತು. "ಶುಕ್ರವಾರ ಆ ಪೆಟ್ಟಿಗೇಲಿ ಬಾಟಲಿ ತೂಗೋ ಬೆಲ್ಟ್ ನೋಡೋಕೆ ಬಂದಿದ್ನಲ್ಲ, ನೀನು ಊಟಕ್ಕೆ ಹೋಗಿದ್ದೆ. ಮುಚ್ಚಳ ಎಲ್ಲಾ ಸಡಿಲ ಇತ್ತು ಕಣೇ. ಚೆಲ್ಲಿದ್ರೆ ನಿಂಗೆ ಬೈತಾರೆ ಅಂತ ಗಟ್ಟಿ ಮಾಡಿದೆ" ಎನ್ನುತ್ತಾರೆ. ಹನ್ನೆರಡನ್ನೂ! ನಿಜ ಹೇಳಿದರೆ ಕೆಮ್ಮಣ್ಣನಿಗೆ ಹಬ್ಬ. ಆದರೂ ಹೇಳುತ್ತೇನೆ, ಇವರನ್ನು ಜೊತೆಗೆ ನಿಲ್ಲಿಸಿಕೊಂಡು. ಅಮ್ಮನ ಕಿವಿಗೆ ಹಾಕಬೇಡ. ಇವರ ಹತ್ತಿರ ಮಾತು ಬಿಟ್ಟಿದ್ದೇನೆ. ಸಕ್ಕರೆಯಿಲ್ಲದ ಕಾಫಿ ಕುಡಿಯುತ್ತಾ ಕೂತಿದ್ದೇನೆ, ಡಬ್ಬಿ ತೆರೆಯಲು ಆಗುತ್ತಿಲ್ಲ.