ಒಂದೂಕಾಲು ಇಂಚಿನ ವಿಚಾರ

ಸೇವಾಸಂಸ್ಥೆಗಳ ಮೇಲ್ವಿಚಾರಣೆಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ಮನೆಮನೆಗೆ ಕಾಗದ ಹಂಚುತ್ತಿದ್ದ ನಮ್ಮ ಅಂಚೆಯವರು ನಿಮ್ಮ ವೇದಿಕೆಯಿಂದ ಬಿದ್ದದ್ದು ಅವರ ಅಜಾಗರೂಕತೆಯಿಂದಲ್ಲ. ನೀವು ತೊಡಿಸಿದ ಬೂಟಿನಿಂದ, ನಾನು ಹಾಕಿದ ಸಹಿಯಿಂದ. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ. ಮೊದಲ ಪ್ಯಾರಾ ದಾಟಿ ಓದುವ ಪದ್ಧತಿ ನಿಮ್ಮ ಕಚೇರಿಯಲ್ಲಿ ಇಲ್ಲವೆಂದು ಅನುಭವದಿಂದ ಬಲ್ಲೆ.

ಕಳೆದ ವಾರ ನಿಮ್ಮಿಂದ ಒಂದು ದಪ್ಪ ಲಕೋಟೆ ಬಂತು. ಒಳಗಿದ್ದದ್ದು ಎರಡು. ಒಂದು, ‘ನೂರು ಹೆಜ್ಜೆ’ ಕಾರ್ಯಕ್ರಮದ ವರದಿ. ಬಣ್ಣದ ಅಚ್ಚು, ಇಪ್ಪತ್ತೆಂಟು ಪುಟ, ಅದರಲ್ಲಿ ಹತ್ತೊಂಬತ್ತು ಪುಟಗಳಲ್ಲಿ ನಿಮ್ಮ ಚಿತ್ರ. ಇಪ್ಪತ್ತಾರನೆಯ ಪುಟದ ಬುಡದಲ್ಲಿ ಸಣ್ಣ ಅಕ್ಷರದ ಒಂದು ಸಾಲು: ‘ಒಬ್ಬ ಫಲಾನುಭವಿಯ ಅಜಾಗರೂಕತೆಯಿಂದ ಅಲ್ಪ ಅಡಚಣೆ ಉಂಟಾಯಿತಾದರೂ ಕೂಡಲೇ ಸರಿಪಡಿಸಲಾಯಿತು.’ ಇನ್ನೊಂದು, ಉತ್ತಮ ಸೇವಾಕರ್ತೆ ಎಂದು ನನಗೆ ಪ್ರಶಸ್ತಿ ಕೊಡುವುದಾಗಿ ಆಹ್ವಾನಪತ್ರ. ಎರಡೂ ಒಂದೇ ಲಕೋಟೆಯಲ್ಲಿ, ಒಂದೇ ಪಿನ್ನಿನಲ್ಲಿ ಚುಚ್ಚಿಕೊಂಡಿದ್ದವು. ಸರಿಪಡಿಸಿದ್ದು ಏನನ್ನು, ಮಾನ್ಯರೇ? ಆ ಮನುಷ್ಯನ ಕಾಲನ್ನೇ, ಇಲ್ಲ ಅವರು ಬಿದ್ದಾಗ ಓರೆಯಾದ ನಿಮ್ಮ ಬ್ಯಾನರನ್ನೇ?

ನಮ್ಮ ಕೆಲಸ ನಿಮಗೆ ಚೆನ್ನಾಗಿ ಗೊತ್ತೆಂದು ನೀವು ಮೂರು ಭಾಷಣಗಳಲ್ಲಿ ಹೇಳಿದ್ದೀರಿ. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಒಂದು ಕಾಲು ಉದ್ದ, ಒಂದು ಕಾಲು ಗಿಡ್ಡ ಇರುವವರಿಗೆ ನಾವು ಬೂಟು ಮಾಡಿಕೊಡುತ್ತೇವೆ. ಗಿಡ್ಡ ಕಾಲಿನ ಬೂಟಿಗೆ ಹಗುರವಾದ ಅಟ್ಟೆಗಳನ್ನು ಒಂದರ ಮೇಲೊಂದು ಅಂಟಿಸಿ, ತೀಡಿ, ಎರಡು ಕಾಲನ್ನೂ ಸಮಕ್ಕೆ ತರುವುದು. ಇದು ಶುರುವಾದದ್ದು ನಮ್ಮ ಅಕ್ಕನಿಂದ. ಚಿಕ್ಕಂದಿನಲ್ಲಿ ಒಂದು ಜ್ವರ ಬಂದು ಅವಳ ಎಡಗಾಲು ಬೆಳೆಯುವುದನ್ನೇ ಮರೆತಿತು. ಆಸ್ಪತ್ರೆಯಿಂದ ತಂದ ಬೂಟು ಅವಳ ಸೊಂಟವನ್ನು ಹಿಂಡುತ್ತಿತ್ತು. ನಮ್ಮಪ್ಪ ಬಡಗಿ. ಒಂದು ಭಾನುವಾರ ತಾವೇ ಹಗುರ ಮರದ ತುಂಡು ಕೆತ್ತಿ ಅವಳ ಬೂಟಿನಡಿ ಅಂಟಿಸಿದರು. ಅವಳನ್ನು ನಡೆಯಲು ಹೇಳಿ, ಕಣ್ಣು ಮುಚ್ಚಿ ಕೂತರು. ಇನ್ನೂ ಎರಡು ಥರ ಸದ್ದು ಬರುತ್ತಿದೆ, ಬಿಚ್ಚು ಎಂದರು. ಹೀಗೆ ಆರು ಸಲ ಬಿಚ್ಚಿಸಿದರು. ಏಳನೆಯ ಸಲ ಅಕ್ಕ ಹಜಾರದ ಈ ಕೊನೆಯಿಂದ ಆ ಕೊನೆಗೆ ನಡೆದಾಗ ಬಂದದ್ದು ಒಂದೇ ಥರದ ಸದ್ದು. ಅಕ್ಕ ಅಳತೊಡಗಿದಳು. ನನಗಾಗ ಒಂಬತ್ತು ವರ್ಷ. ಆವತ್ತು ಹಿಡಿದ ಹುಚ್ಚು ಇವತ್ತಿಗೂ ಬಿಟ್ಟಿಲ್ಲ.

ಇಪ್ಪತ್ತೆರಡು ವರ್ಷಗಳ ಹಿಂದೆ ನಾವು ನಾಲ್ವರು ಸೇರಿ ಸಂಸ್ಥೆ ಕಟ್ಟಿದೆವು. ಅಳತೆ, ಅಟ್ಟೆ ನನ್ನದು. ಮೇಲಿನ ಚರ್ಮ ಹೊಲಿಯುವವರು ಅಂಗಡಿ ಮುಚ್ಚಿದ ಟೇಲರಣ್ಣ. ಕಾಗದಪತ್ರ ನಮ್ಮ ಭಾವ, ಅಂದರೆ ಅಕ್ಕನ ಯಜಮಾನರು, ನೋಡಿಕೊಳ್ಳುತ್ತಿದ್ದರು. ಬಂದವರನ್ನು ಮಾತಾಡಿಸುವುದು ಅಕ್ಕನ ಪಾಲು. ಬಾಗಿಲಿಂದ ಕುರ್ಚಿಗೆ ಬರುವಷ್ಟರಲ್ಲಿ ಯಾರ ಕಾಲು ಎಷ್ಟು ಗಿಡ್ಡ ಎಂದು ಅವಳು ಹೇಳಿಬಿಡುತ್ತಾಳೆ. ಹಳೆಯ ಲಾಂಡ್ರಿಯ ಹಿಂದಿನ ಕೋಣೆ ನಮ್ಮದಾಗಿತ್ತು. ಹದಿನೆಂಟು ಅಡಿ ಉದ್ದ, ಹಲಗೆ ಹಾಸಿದ ನೆಲ. ನಡೆದರೆ ಹೆಜ್ಜೆ ಸ್ಪಷ್ಟ ಕೇಳುತ್ತಿತ್ತು. ನಾವು ಆ ಕೋಣೆಗೆ ಆಸೆಪಟ್ಟದ್ದೇ ಆ ನೆಲಕ್ಕಾಗಿ. ಕೋಣೆ ನಿಮ್ಮ ಇಲಾಖೆಗೆ ಸೇರಿದ್ದು ಎಂಬುದು ಆಗ ನಮಗೆ ದೊಡ್ಡ ವಿಷಯವಾಗಿ ಕಂಡಿರಲಿಲ್ಲ.

ನೀವು ಅಧಿಕಾರಕ್ಕೆ ಬಂದ ಮೂರನೆಯ ತಿಂಗಳು ಆ ಕೋಣೆಗೆ ಪಾದ ಬೆಳೆಸಿದಿರಿ. ಒಳಗೆ ಒಬ್ಬ ಅಜ್ಜಿ ಕಾಗದದ ಮೇಲೆ ಪಾದವಿಟ್ಟು ನಿಂತಿದ್ದರು, ನಾನು ನೆಲದ ಮೇಲೆ ಕೂತು ಪೆನ್ಸಿಲಿನಲ್ಲಿ ಅಂಚು ಗೀಚುತ್ತಿದ್ದೆ. ತಿಂಗಳಿಗೆ ಎಷ್ಟು ಜೊತೆ ಎಂದು ಕೇಳಿದಿರಿ. ನಾಲ್ಕು, ಕೆಲವು ಸಲ ಐದು ಎಂದೆ. ನಾಲ್ಕು ನೂರೇ ಎಂದು ಕೇಳಿದಿರಿ. ಅಲ್ಲ, ನಾಲ್ಕು ಎಂದೆ. ನೀವು ನಿಮ್ಮ ಸಹಾಯಕರ ಮುಖ ನೋಡಿದಿರಿ, ಅವರು ಗೋಡೆ ನೋಡಿದರು. ಆಮೇಲೆ ನೀವು ಹೇಳಿದ್ದು ಅಕ್ಷರಕ್ಕಕ್ಷರ ನೆನಪಿದೆ.

“ನಿಮ್ಮ ಆಸಕ್ತಿ ಮೆಚ್ಚಬೇಕಾದ್ದೇ ಮೇಡಂ. ಆದರೆ ಹವ್ಯಾಸ ಬೇರೆ, ಸೇವೆ ಬೇರೆ. ಸೇವೆ ಅಂದ್ರೆ ಸಂಖ್ಯೆ.”

ಅಜ್ಜಿ ಇನ್ನೂ ಕಾಗದದ ಮೇಲೆಯೇ ನಿಂತಿದ್ದರು. ಅವರು ಆ ಸಂಖ್ಯೆಯಲ್ಲಿ ಒಬ್ಬರು ಎಂಬುದನ್ನಾದರೂ ಗಮನಿಸಿದಿರಾ?

ಅಲ್ಲಿಂದ ಶುರುವಾಯಿತು ನಮ್ಮ ಉದ್ಧಾರ. ತ್ರೈಮಾಸಿಕ ಪ್ರಗತಿ ನಮೂನೆ, ಫಲಾನುಭವಿಗಳ ಮಂದಹಾಸದ ಭಾವಚಿತ್ರ (ನಮೂನೆಯಲ್ಲಿ ‘ಮಂದಹಾಸ’ ಎಂದೇ ಇದೆ, ನಾನು ಸೇರಿಸಿದ್ದಲ್ಲ), ಸಾಮರ್ಥ್ಯ ವೃದ್ಧಿಯ ಶಿಬಿರ, ಆ ಶಿಬಿರಕ್ಕೆ ಹೋಗಿಬಂದದ್ದರ ವರದಿ, ಆ ವರದಿ ಬರೆಯುವುದು ಹೇಗೆಂಬ ಇನ್ನೊಂದು ಶಿಬಿರ. ಅಟ್ಟೆ ತೀಡುವ ಕೈ ದಿನವೆಲ್ಲ ಕಾಗದ ತುಂಬತೊಡಗಿತು. ತಿಂಗಳಿಗೆ ನಾಲ್ಕಿದ್ದದ್ದು ಎರಡಾಯಿತು. ಸಂಖ್ಯೆ ಹೆಚ್ಚಿಸಲು ಬಂದವರು ನೀವು. ಇರುವುದನ್ನೂ ಅರ್ಧ ಮಾಡಿದಿರಿ. ಬಿತ್ತುವವನ ಕೈ ಕಟ್ಟಿಹಾಕಿ ಬೆಳೆ ಎಲ್ಲಿ ಎಂದು ಕೇಳುವುದಕ್ಕೆ ನಿಮ್ಮ ಭಾಷೆಯಲ್ಲಿ ಮೌಲ್ಯಮಾಪನ ಎನ್ನುತ್ತಾರೆಂದು ಆಗ ತಿಳಿಯಿತು.

ಕೊನೆಗೆ ಬಂದದ್ದು ‘ನೂರು ಹೆಜ್ಜೆ’. ಒಂದೇ ದಿನ, ಒಂದೇ ವೇದಿಕೆ, ನೂರು ಮಂದಿಗೆ ನೂರು ಜೊತೆ. ಬೂಟು ಕಾರ್ಖಾನೆಯಿಂದ ಬರುತ್ತವೆ, ಅರ್ಧ ಇಂಚು, ಒಂದು ಇಂಚು, ಒಂದೂವರೆ ಇಂಚು, ಹೀಗೆ ಮೂರು ಅಳತೆ. ನಮ್ಮ ಸಂಸ್ಥೆಯ ಪಾಲು, ನೂರು ಜನರ ಪಟ್ಟಿ ಮತ್ತು ‘ಎಲ್ಲವೂ ಪರೀಕ್ಷಿಸಿ ಹೊಂದಿಸಿದ್ದು’ ಎಂಬ ದೃಢೀಕರಣಕ್ಕೆ ನನ್ನ ಸಹಿ. ಒಪ್ಪದಿದ್ದರೆ ನೋಂದಣಿಯನ್ನೂ ಕೋಣೆಯನ್ನೂ ‘ಮರುಪರಿಶೀಲಿಸಬೇಕಾಗುತ್ತದೆ’ ಎಂದು ನಿಮ್ಮ ಸಹಾಯಕರು ಫೋನಿನಲ್ಲಿ ಬಹಳ ವಿನಯದಿಂದ ತಿಳಿಸಿದರು. ಕತ್ತಿಗೆ ಬೆಣ್ಣೆ ಸವರಿ ಹಿಡಿಯುವುದು ಹೇಗೆಂದು ಅವರಿಂದ ಕಲಿಯಬೇಕು.

ಆ ಮಧ್ಯಾಹ್ನ ನಾವು ನಾಲ್ವರೂ ಕೂತು ಮಾತಾಡಿದೆವು. ಟೇಲರಣ್ಣ ಸೂಜಿಯ ಕಣ್ಣಿಗೆ ದಾರ ಏರಿಸುತ್ತ ಕೂತರು. ಭಾವ ಮೃದು ಮನುಷ್ಯ, ಜಗಳ ಕಂಡರಾಗದು.

“ಒಂದು ದಿನದ ನಾಟಕ ಕಣಮ್ಮ,” ಎಂದರು. “ಒಂದು ದಿನ ತಲೆ ಬಗ್ಗಿಸಿದ್ರೆ ಉಳಿದ ದಿನವೆಲ್ಲ ನಮ್ಮ ಕೆಲಸ ನಮ್ಮ ಕೈಲಿರುತ್ತೆ.”

ಅಕ್ಕ ನನ್ನನ್ನೇ ನೋಡುತ್ತಿದ್ದಳು. “ಅಪ್ಪ ಆರು ಸಲ ಬಿಚ್ಚಿಸಿದ್ರು,” ಎಂದಳು. “ನೀನು ಒಂದು ಸಲಾನೂ ನೋಡದೆ ಸಹಿ ಹಾಕ್ತೀಯ?”

ಹಾಕಿದೆ. ಕೋಣೆ ಉಳಿದರೆ ಕೆಲಸ ಉಳಿಯುತ್ತದೆ ಎಂದು ನನಗೆ ನಾನೇ ಹೇಳಿಕೊಂಡು ಹಾಕಿದೆ. ನಿಮ್ಮ ಮೇಲಿನ ಹೇಸಿಗೆಯನ್ನು ಇಷ್ಟುದ್ದ ಬರೆಯುತ್ತಿರುವವಳು ನನ್ನ ಮೇಲಿನದನ್ನು ಒಂದು ಸಾಲಿನಲ್ಲಿ ಮುಗಿಸಬಾರದು. ಅದು ಮುಂದೆ ಬರುತ್ತದೆ.

ಈಗ ಅಂಚೆಯವರ ವಿಷಯ. ವಯಸ್ಸು ನಲವತ್ತೇಳು. ಇಪ್ಪತ್ತು ವರ್ಷ ನಡೆದೇ ಅಂಚೆ ಹಂಚಿದವರು. ಎರಡು ವರ್ಷದ ಹಿಂದೆ ಲಾರಿಯೊಂದು ತಾಗಿ ತೊಡೆಯ ಮೂಳೆ ಮುರಿದು, ಕೂಡುವಾಗ ಬಲಗಾಲು ಗಿಡ್ಡವಾಯಿತು. ಅವರ ಕಚೇರಿಯವರು ಒಳಗೆ ಕೂತು ಕಾಗದ ವಿಂಗಡಿಸುವ ಕೆಲಸ ಕೊಟ್ಟರು. ಸಮನಾಗಿ ನಡೆದು ತೋರಿಸಿದರೆ ಹಳೆಯ ಬೀದಿಗಳನ್ನು ವಾಪಸ್ಸು ಕೊಡುತ್ತೇವೆ ಎಂದಿದ್ದರು. ಆ ಮನುಷ್ಯನಿಗೆ ನಡಿಗೆ ಎಂದರೆ ಪ್ರಾಣ. ಯಾವ ಮನೆಯ ನಾಯಿ ಸುಮ್ಮನೆ ಬೊಗಳುತ್ತದೆ, ಯಾವುದು ಕಚ್ಚುತ್ತದೆ, ಯಾವ ಮನೆಯಾಕೆ ಮಗನ ಕಾಗದವನ್ನು ಗೇಟಿನಲ್ಲೇ ನಿಂತು ಓದಿಸಿಕೊಳ್ಳುತ್ತಾಳೆ, ಎಲ್ಲ ಹೇಳುತ್ತ ನಮ್ಮ ಹಲಗೆಯ ಮೇಲೆ ನಡೆಯುತ್ತಿದ್ದರು. ನಾನು ಕಣ್ಣು ಮುಚ್ಚಿ ಕೇಳುತ್ತಿದ್ದೆ. ಮೂರು ಸಲ ಬಿಚ್ಚಿಸಿದ್ದೆ. ಒಂದು ಇಂಚಿಗೆ ಸೊಂಟ ಬಲಕ್ಕೆ ವಾಲುತ್ತಿತ್ತು, ಒಂದೂವರೆಗೆ ಮುಂದಕ್ಕೆ ತಳ್ಳುತ್ತಿತ್ತು. ಅವರಿಗೆ ಬೇಕಾದದ್ದು ಒಂದೂಕಾಲು. ಗುರುವಾರ ಬನ್ನಿ, ಮುಗಿಸಿ ಕೊಡುತ್ತೇನೆ ಎಂದಿದ್ದೆ.

ನಿಮ್ಮ ಕಾರ್ಯಕ್ರಮ ಇದ್ದದ್ದು ಮಂಗಳವಾರ. ಅವರ ಹೆಸರು ನನ್ನ ಪಟ್ಟಿಯಲ್ಲಿ ಇರಲಿಲ್ಲ. ಸಮವಸ್ತ್ರದವರೊಬ್ಬರು ಇದ್ದರೆ ಚಿತ್ರಕ್ಕೆ ಕಳೆ ಬರುತ್ತದೆ ಎಂದು ನಿಮ್ಮ ಸಹಾಯಕರು ಪಟ್ಟಿಯಿಂದ ಒಂದು ಹೆಸರು ತೆಗೆದು, ಅಂಚೆ ಕಚೇರಿಗೇ ಫೋನು ಮಾಡಿ ಅವರನ್ನು ಕರೆಸಿದ್ದರು.

ಸಭಾಂಗಣದಲ್ಲಿ ರಟ್ಟಿನ ಪೆಟ್ಟಿಗೆಗಳು ಮೂರು ಗುಡ್ಡೆ. ಜನರನ್ನು ಎತ್ತರದ ಪ್ರಕಾರ ನಿಲ್ಲಿಸಿದ್ದರು. ಕಾಲಿನ ಎತ್ತರವಲ್ಲ, ಆಳಿನ ಎತ್ತರ, ಚಿತ್ರ ಚೆನ್ನಾಗಿ ಬರಲೆಂದು. ಒಬ್ಬೊಬ್ಬರೂ ಮೆಟ್ಟಿಲೇರಿ, ನಿಮ್ಮ ಕೈಯಿಂದ ಬೂಟು ತೆಗೆದುಕೊಂಡು, ಅಲ್ಲೇ ಹಾಕಿಕೊಂಡು, ವೇದಿಕೆಯ ಉದ್ದಕ್ಕೂ ನಡೆದು, ಆಚೆ ಬದಿಯ ಮೆಟ್ಟಿಲಲ್ಲಿ ಇಳಿಯಬೇಕು. ನೆಲಕ್ಕೆ ದಪ್ಪ ಜಮಖಾನ ಹಾಸಿತ್ತು. ಒಂದು ಹೆಜ್ಜೆಯ ಸದ್ದೂ ಕೇಳುತ್ತಿರಲಿಲ್ಲ. ಅಂಚೆಯವರು ಇಪ್ಪತ್ತಮೂರನೆಯವರು. ಅವರ ಕೈಗೆ ಬಂದದ್ದು ಒಂದೂವರೆ ಇಂಚಿನ ಪೆಟ್ಟಿಗೆ. ನಾನು ವೇದಿಕೆಯ ಪಕ್ಕದಲ್ಲೇ ಇದ್ದೆ. ಪೆಟ್ಟಿಗೆಯ ಮೇಲಿನ ಅಂಕಿ ನನಗೆ ಕಂಡಿತು. ಬೇಡ ಎನ್ನಲು ಬಾಯಿ ತೆರೆದೆ. ಆಗ ಚಪ್ಪಾಳೆ ಶುರುವಾಯಿತು. ಚಪ್ಪಾಳೆ ನಿಲ್ಲಲಿ ಎಂದು ಕಾದೆ. ನನ್ನ ಇಪ್ಪತ್ತೆರಡು ವರ್ಷದ ಕೆಲಸ ಹೋದದ್ದು ಆ ಕಾಯುವಿಕೆಯಲ್ಲಿ. ಅವರು ನಡೆದರು, ಒಮ್ಮೆ ತಿರುಗಿ ನನ್ನ ಕಡೆ ನೋಡಿದರು, ಇಳಿಯುವ ಮೊದಲ ಮೆಟ್ಟಿಲಲ್ಲಿ ಬೂಟು ಅವರನ್ನು ಮುಂದಕ್ಕೆ ತಳ್ಳಿತು.

ಮೂಳೆ ಮತ್ತೆ ಮುರಿಯಿತು, ಹಳೆಯ ಜಾಗದಲ್ಲೇ. ಅವರನ್ನು ಎತ್ತಿಕೊಂಡು ಹೋಗುತ್ತಿರುವಾಗಲೇ ಮೈಕಿನಲ್ಲಿ “ಮುಂದಿನವರು ಬನ್ನಿ” ಎಂದಿರಿ. ಉಳಿದ ಎಪ್ಪತ್ತೇಳು ಮಂದಿ ಬಂದರು. ಬರದೆ ಏನು ಮಾಡಿಯಾರು?

ಆಸ್ಪತ್ರೆಗೆ ಹೋದೆ. ಬೈಯುತ್ತಾರೆ ಎಂದು ಎಣಿಸಿದ್ದೆ, ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವರು ಹೇಳಿದ್ದು ಇಷ್ಟು: “ಕಾಲಿಗೆ ಹಾಕಿದ ತಕ್ಷಣ ಗೊತ್ತಾಯ್ತು ಮೇಡಂ, ಇದು ನೀವು ಮಾಡಿದ್ದಲ್ಲ ಅಂತ. ಆದರೆ ನೀವು ಅಲ್ಲೇ ನಿಂತಿದ್ರಲ್ಲ. ನೀವಿದ್ದೀರಿ ಅಂದ್ಮೇಲೆ ಸರಿಯಿರುತ್ತೆ ಅಂದ್ಕೊಂಡೆ.”

ಮಾನ್ಯರೇ, ನಿಮ್ಮ ನಮೂನೆಯಲ್ಲಿ ಇದನ್ನು ತುಂಬಲು ಕಾಲಂ ಇದೆಯೇ?

ಮಾರನೆಯ ದಿನದಿಂದ ನಾನು, ಟೇಲರಣ್ಣ ಆ ನೂರು ಜೊತೆಗಳನ್ನು ಮನೆಮನೆಗೆ ಹೋಗಿ ವಾಪಸ್ಸು ಕೇಳತೊಡಗಿದೆವು. ಇದುವರೆಗೆ ಎಪ್ಪತ್ತೊಂದು ಸಿಕ್ಕಿವೆ. ಹೊಂದಿದ್ದವು ಒಂಬತ್ತು, ಅವನ್ನು ಬಿಟ್ಟುಬಂದೆವು. ಉಳಿದವರು ಕೊಡಲೊಲ್ಲರು. ಮನೆಗೆಲಸಕ್ಕೆ ಹೋಗುವ ಹೆಂಗಸೊಬ್ಬರು ಪೆಟ್ಟಿಗೆಯನ್ನು ಎದೆಗವಚಿ ಹಿಡಿದು, ಹಾಕಿಕೊಳ್ಳುವುದಿಲ್ಲ ಎಂದು ಮಾತು ಕೊಡುತ್ತೇನೆ, ಆದರೆ ಕೊಡುವುದಿಲ್ಲ ಎಂದರು. ಹುಟ್ಟಿದ ಮೇಲೆ ಅವರ ಕಾಲಿಗೆಂದು ಅಂಗಡಿಯ ಪೆಟ್ಟಿಗೆಯಲ್ಲಿ ಬಂದ ಮೊದಲ ಹೊಸ ವಸ್ತು ಅದಂತೆ. ನಾನು ಅವರ ಪಾದದ ಅಳತೆ ತೆಗೆದುಕೊಂಡು ಬಂದೆ. ಇಂಥವರ ಆಸೆಯನ್ನು ನೀವು ಚಿತ್ರದ ಬೆಲೆಗೆ ಕೊಂಡಿರಿ. ಅದಕ್ಕಿಂತ ಅಸಹ್ಯವಾದದ್ದು ನಿಮ್ಮ ವರದಿಯ ಇಪ್ಪತ್ತೆಂಟು ಪುಟಗಳಲ್ಲೂ ನನಗೆ ಕಾಣಲಿಲ್ಲ.

ಕೋಣೆಯ ಬೀಗದಕೈಯನ್ನು ಭಾವನೇ ತಂದು ನಿಮ್ಮ ಕಚೇರಿಯಲ್ಲಿ ಕೊಟ್ಟರು. ಜಗಳ ಕಂಡರಾಗದ ಆ ಮನುಷ್ಯ ರಸೀದಿ ಕೊಡುವವರೆಗೆ ಕದಲಲಿಲ್ಲವಂತೆ. ನೋಂದಣಿಯನ್ನೂ ಬಿಟ್ಟುಕೊಟ್ಟಿದ್ದೇವೆ. ಈಗ ಕೆಲಸ ಅಕ್ಕನ ಮನೆಯ ಮುಂಗೋಣೆಯಲ್ಲಿ ನಡೆಯುತ್ತಿದೆ. ನೆಲ ಸಿಮೆಂಟಿನದು, ಸದ್ದು ಸರಿಯಾಗಿ ಬರುವುದಿಲ್ಲ. ಬಾಗಿಲಿನ ಹಳೆಯ ಹಲಗೆಗಳನ್ನು ಹಾಸಿಕೊಂಡಿದ್ದೇವೆ. ತಿಂಗಳಿಗೆ ನಾಲ್ಕು ಜೊತೆ. ನಿಮ್ಮ ಲೆಕ್ಕದಲ್ಲಿ ನಾವೀಗ ಇಲ್ಲ. ಹುಚ್ಚು ಉಳಿಸಿಕೊಳ್ಳಲು ಸಂಸ್ಥೆ ಕಟ್ಟಿದ್ದೆವು, ಸಂಸ್ಥೆ ಉಳಿಸಿಕೊಳ್ಳಲು ಹುಚ್ಚನ್ನೇ ಮಾರಲು ಹೊರಟಿದ್ದೆ. ತಡವಾಗಿ ಬುದ್ಧಿ ಬಂತು, ಅದರ ದಂಡವನ್ನು ಬೇರೊಬ್ಬರು ತೆತ್ತರು.

ಇನ್ನು ಮುಖ್ಯ ವಿಷಯ. ಅಂಚೆ ಕಚೇರಿಯವರು ನಿಮ್ಮ ವರದಿ ಓದಿದ್ದಾರೆ. ‘ಅಜಾಗರೂಕತೆ’ ಎಂಬ ಮಾತನ್ನು ಮುಂದಿಟ್ಟು, ಇಂಥವರನ್ನು ಬೀದಿಗೆ ಕಳಿಸಲಾಗದು ಎಂದು ಬರೆದುಕೊಟ್ಟಿದ್ದಾರೆ. ನನ್ನ ದೃಢೀಕರಣ ಸುಳ್ಳೆಂದು ನಾನೇ ಬರೆದುಕೊಟ್ಟು ಬಂದೆ. ನಾನು ಪ್ರಕರಣದಲ್ಲಿ ಭಾಗಿಯಂತೆ, ನನ್ನ ಮಾತು ನಡೆಯದಂತೆ, ವರದಿ ಬರೆದವರೇ ತಿದ್ದಬೇಕಂತೆ. ನನ್ನ ಸುಳ್ಳನ್ನು ಕಣ್ಣು ಮುಚ್ಚಿ ನಂಬಿದ ವ್ಯವಸ್ಥೆಗೆ ನನ್ನ ನಿಜ ಮಾತ್ರ ಅನುಮಾನ ತಂದಿತು. ಇರಲಿ. ಅವರ ಮೂಳೆ ಕೂಡುತ್ತಿದೆ. ಕೂಡಿದ ಮೇಲೆ ಮತ್ತೆ ಅಳೆಯುತ್ತೇನೆ, ಎಷ್ಟು ಸಲ ಬೇಕಾದರೂ ಬಿಚ್ಚಿಸುತ್ತೇನೆ, ಸಮನಾಗಿ ನಡೆಸುತ್ತೇನೆ. ಆದರೆ ನಿಮ್ಮ ಆ ಒಂದು ಸಾಲು ದಾಟಿಸಬಲ್ಲ ಬೂಟು ನನ್ನ ಕೈಯಲ್ಲಿಲ್ಲ.

ಆದ್ದರಿಂದ ಬೇಡಿಕೆ ಒಂದೇ. ಪ್ರಶಸ್ತಿ ನಿಮ್ಮಲ್ಲೇ ಇರಲಿ. ನನ್ನ ಮೇಲೆ ಕ್ರಮ ಕೈಗೊಳ್ಳುವುದಿದ್ದರೆ ಕೈಗೊಳ್ಳಿ, ಸುಳ್ಳು ಸಹಿ ಹಾಕಿದ ನಾನು ಅದಕ್ಕೆ ಯೋಗ್ಯಳೇ. ಇಪ್ಪತ್ತಾರನೆಯ ಪುಟದ ಆ ಸಾಲನ್ನು ಹೊಡೆದುಹಾಕಿ, ತಪ್ಪು ನಮ್ಮದು ಎಂದು ನಿಮ್ಮ ಕೈಯಾರೆ ಬರೆದು, ಮೊಹರು ಒತ್ತಿ. ಆ ಕಾಗದವನ್ನು ಅಂಚೆಗೆ ಹಾಕಬೇಡಿ. ಅಂಚೆಯವರ ಮನೆ ಮೂರನೆಯ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ, ನಲವತ್ತೆರಡು ಮೆಟ್ಟಿಲು. ನೀವೇ ಹತ್ತಿಹೋಗಿ ಅವರ ಕೈಗೆ ಕೊಡಿ.

ಇಂತಿ,
ಚಪ್ಪಾಳೆ ನಿಲ್ಲಲೆಂದು ಕಾದವಳು