ಅಣ್ಣನ ಬಟ್ಟಲಿಗೆ ಮುಚ್ಚಳ

ಸೆಂದಾಯ್,
ಭಾನುವಾರ ಸಂಜೆ, ೨೨ ಅಕ್ಟೋಬರ್ ೧೯೭೮

ಪ್ರೀತಿಯ ಇಸಾಮು ಅಣ್ಣನಿಗೆ,

ಹೇಗಿದ್ದೀಯ? ಬಲಗೈಯ ಎರಡು ಬೆರಳು ಈಗಲಾದರೂ ಪೂರ್ತಿ ಮಡಚಲು ಬರುತ್ತವೆಯೇ? ಗಾಳ ತಗುಲಿದ ಗಾಯ ಸಣ್ಣದು ಎಂದು ಜುಲೈ ಕಾಗದದಲ್ಲಿ ಬರೆದಿದ್ದೆ. ಆದರೆ ಅಕ್ಷರಗಳು ಎಡಗೈಯಲ್ಲಿ ಬರೆದ ಹಾಗಿದ್ದವು. ಅಮ್ಮನಿಗೆ ಅದನ್ನು ತೋರಿಸುವಾಗ ಹಡಗು ಅಲುಗಾಡುತ್ತಿತ್ತಂತೆ ಎಂದುಬಿಟ್ಟೆ. ಉಪ್ಪುನೀರಲ್ಲಿ ಕೈ ಒದ್ದೆಯಾಗಲು ಬಿಡಬೇಡ. ಊರಿನಲ್ಲಿ ಎಲ್ಲರೂ ಕ್ಷೇಮ. ಅಜ್ಜಿಯ ಮೊಣಕಾಲು ಈಗಲೂ ರೇಡಿಯೊಗಿಂತ ಅರ್ಧ ದಿನ ಮೊದಲೇ ಮಳೆಯ ಸುದ್ದಿ ಹೇಳುತ್ತದೆ. ನಾನು ಓದುತ್ತಿರುವ ಈ ಊರಿನ ಸಾಲುಮರಗಳ ಎಲೆ ತುದಿಯಿಂದ ಹಳದಿಯಾಗುತ್ತಿದೆ. ನೀನಿರುವ ಕಡೆ ವಸಂತ ಶುರುವಾಗಿರಬೇಕು ಎಂದು ಭೂಪಟ ನೋಡಿ ಲೆಕ್ಕ ಹಾಕಿಕೊಂಡಿದ್ದೇನೆ. ಈ ಕಾಗದ ನಿಮ್ಮ ಮೀನುಗಾರಿಕೆ ಕಂಪನಿಯ ಅಂಚೆಚೀಲದಲ್ಲಿ ಕೇಪ್‌ಟೌನ್‌ಗೆ ಹೋಗುತ್ತದೆ. ನವೆಂಬರ್ ಇಪ್ಪತ್ತರ ಸುಮಾರಿಗೆ ನಿಮ್ಮ ಹಡಗು ಬಂದರಿಗೆ ಬಂದಾಗ ನಿನ್ನ ಕೈ ಸೇರುತ್ತದೆ ಎಂದು ಕಚೇರಿಯವರು ಹೇಳಿದ್ದಾರೆ.

ಜೂನ್ ತಿಂಗಳ ಭೂಕಂಪದಲ್ಲಿ ಮನೆಯಲ್ಲಿ ಏನೂ ಒಡೆಯಲಿಲ್ಲ ಎಂದು ನಾವೆಲ್ಲ ನಿನಗೆ ಬರೆದೆವಲ್ಲ, ಅದು ಪೂರ್ತಿ ನಿಜವಲ್ಲ. ನಿನ್ನ ಊಟದ ಬಟ್ಟಲಿನ ಮುಚ್ಚಳ ಒಡೆಯಿತು. ನೀಲಿ ಹಕ್ಕಿಗಳ ಸಾಲು ಇರುವ ಅದೇ ಬಟ್ಟಲು. ನೀನು ಫೆಬ್ರವರಿಯಲ್ಲಿ ಹಡಗು ಹತ್ತಿದಂದಿನಿಂದ ಅಮ್ಮ ಒಂದು ಬೆಳಿಗ್ಗೆಯೂ ತಪ್ಪಿಸದೆ ನಿನ್ನ ಜಾಗದಲ್ಲಿ ನಿನ್ನ ಪಾಲಿನ ಊಟ ಇಡುತ್ತಿದ್ದಾಳೆ. ಬಟ್ಟಲಲ್ಲಿ ಬಿಸಿ ಅನ್ನ, ಮೇಲೆ ಮುಚ್ಚಳ. ಮನೆಯವರ ಊಟ ಮುಗಿದ ಮೇಲೆ ಅದನ್ನು ಎತ್ತಿ ನೋಡುತ್ತಾಳೆ. ಒಳಗೆ ಹನಿ ಕಟ್ಟಿದ್ದರೆ ನೀನು ಸಮುದ್ರದಲ್ಲಿ ಕ್ಷೇಮ. ಅಪ್ಪ ಹಡಗಿನಲ್ಲಿದ್ದಾಗಲೂ ಹೀಗೆಯೇ ಇಡುತ್ತಿದ್ದಳು. ನೀನು ನನ್ನ ಕಡೆ ನೋಡಿ ನಗುತ್ತಿದ್ದೆ: “ಬಿಸಿ ಅನ್ನಕ್ಕೆ ಮುಚ್ಚಳ ಹಾಕಿದ್ರೆ ಹನಿ ಕಟ್ಟದೆ ಇನ್ನೇನು ಕಟ್ಟುತ್ತೆ, ಪೆದ್ದಿ?” ಮುಚ್ಚಳ ಒಡೆದ ಮೇಲೆ ಅಮ್ಮ ಉಪ್ಪಿನಕಾಯಿ ಜಾಡಿಯ ಮಣ್ಣಿನ ಮುಚ್ಚಳವನ್ನು ಅದಕ್ಕೆ ಹಾಕುತ್ತಿದ್ದಾಳೆ. ಅಳತೆ ಸರಿಹೋಗುತ್ತದೆ, ಆದರೆ ಅದಕ್ಕೆ ಮೆರುಗಿಲ್ಲ, ನೀರು ಕುಡಿಯುತ್ತದೆ. ಜೂನ್‌ನಿಂದ ಒಂದು ದಿನವೂ ಅದರಲ್ಲಿ ಹನಿ ಕಟ್ಟಿಲ್ಲ. ಕಾರಣ ಅಮ್ಮನಿಗೂ ಗೊತ್ತು. “ಮಣ್ಣಲ್ವಾ, ಹೀರ್ಕೊಳ್ಳುತ್ತೆ” ಎಂದು ತಾನೇ ಹೇಳಿ ಪಾತ್ರೆ ತೊಳೆಯಲು ಏಳುತ್ತಿದ್ದಳು.

ಹಾಗೆ ಹೇಳುವುದನ್ನು ಅವಳು ಈ ತಿಂಗಳು ನಿಲ್ಲಿಸಿದ್ದಾಳೆ. ಕಚೇರಿಯ ಕರಿಹಲಗೆಯಲ್ಲಿ ಹಡಗುಗಳ ಹೆಸರಿನ ಮುಂದೆ ಆಯಾ ದಿನ ಅವು ಸಮುದ್ರದಲ್ಲಿ ಇರುವ ಜಾಗದ ಅಂಕಿಯನ್ನು ಸೀಮೆಸುಣ್ಣದಲ್ಲಿ ಬರೆಯುತ್ತಾರಲ್ಲ, ಅಮ್ಮ ಮೀನು ಮಾರುಕಟ್ಟೆಯ ಕೆಲಸ ಮುಗಿಸಿ ದಿನಾ ಅದನ್ನು ನೋಡಿಕೊಂಡೇ ಮನೆಗೆ ಹೋಗುವುದು. ಒಂಬತ್ತನೇ ತಾರೀಖಿನಿಂದ ನಿಮ್ಮ ಹಡಗಿನ ಮುಂದಿನ ಅಂಕಿ ಬದಲಾಗಿಲ್ಲ. ಮೇಲಿನ ಸಾಲಿನದು ಬದಲಾಗುತ್ತದೆ, ಕೆಳಗಿನದೂ ಬದಲಾಗುತ್ತದೆ. ಗುಮಾಸ್ತರು, “ರೇಡಿಯೊ ಕೆಟ್ಟಿರಬೇಕಮ್ಮಾ. ಅಲ್ಲಿ ಈಗ ಗಾಳಿ ಜಾಸ್ತಿ. ನಿಮ್ಮ ಮಗನಿಗಿಂತ ಆ ರೇಡಿಯೊ ಹೊಟ್ಟೇನೇ ನಾಜೂಕು” ಎಂದು ನಗಿಸಲು ನೋಡಿದರಂತೆ. ಅಮ್ಮ ನಗಲಿಲ್ಲವಂತೆ. ಗುರುವಾರ ನಾನು ಬಾಡಿಗೆಗಿರುವ ಮನೆಯೊಡತಿಯ ಫೋನಿಗೆ ಕರೆ ಮಾಡಿದಳು. ಹಲಗೆಯ ವಿಷಯ ಎರಡು ಮಾತಿನಲ್ಲಿ ಮುಗಿಸಿ, “ಅಷ್ಟೊಂದು ಅಂಗಡಿ ಇರೋ ಊರಲ್ಲಿ ಓದ್ತಿದ್ದೀಯ. ಮೆರುಗಿರೋ ಒಂದು ಮುಚ್ಚಳ ಹುಡುಕೋಕೆ ಆಗಲ್ವಾ ನಿನಗೆ?” ಎಂದಳು. ಅವಳ ಹಿಂದಿನಿಂದ ಅಜ್ಜಿ, “ಬಟ್ಟಲು ಒಡೆದಿಲ್ಲ ಅಂತ ಹೇಳು, ಮುಚ್ಚಳ ಅಷ್ಟೇ ಅಂತ ಹೇಳು” ಎಂದು ಕೂಗುತ್ತಿದ್ದಳು. ಅಜ್ಜಿ ಏಕೆ ಹಾಗೆ ಕೂಗಿದಳೆಂದು ನಿನಗೆ ಬಿಡಿಸಿ ಹೇಳಬೇಕಿಲ್ಲ. ಅಪ್ಪನನ್ನು ಮನೆಯಿಂದ ಹೊರಗೆ ಒಯ್ದ ದಿನ ಚಿಕ್ಕಪ್ಪ ಅವನ ಬಟ್ಟಲನ್ನು ಬಾಗಿಲ ಕಲ್ಲಿಗೆ ಬಡಿದು ಒಡೆದದ್ದು, ಊಟ ಕೇಳಿಕೊಂಡು ಹಿಂದಿರುಗದಿರಲಿ ಎಂದು ಒಡೆದದ್ದು, ನಾವಿಬ್ಬರೂ ನೋಡಿದ್ದೇವೆ. ಒಂದು ಚೂರು ನನ್ನ ಚಪ್ಪಲಿಯ ಬಳಿ ಬಿದ್ದಾಗ ನೀನು ಅದನ್ನು ಕಾಲಿನಿಂದ ಆಚೆ ಸರಿಸಿದೆ.

ಅಮ್ಮ ಅಂಚೆಯಲ್ಲಿ ಕಳಿಸಿದ ಅರ್ಧ ಮುಚ್ಚಳವನ್ನು ಪತ್ರಿಕೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು ಈ ದಿನ ಬೆಳಿಗ್ಗೆ ಹತ್ತಕ್ಕೆ ಹೊರಟೆ. ಜೊತೆಗೆ ಕಿಯೊಮಿ ಬಂದಳು. ನನ್ನ ತರಗತಿಯವಳು, ಇದೇ ಊರಿನವಳು. ಭಾನುವಾರ ಅಂಗಡಿಬೀದಿಯಲ್ಲಿ ಸುತ್ತದಿದ್ದರೆ ಸೋಮವಾರ ಬರುವುದಿಲ್ಲ ಎಂದು ನಂಬಿರುವ ಹುಡುಗಿ. “ನಿಮ್ಮ ಬಂದರೂರಿನವರು ಪೇಟೆಗೆ ಬಂದ್ರೂ ಸಮುದ್ರ ಎಲ್ಲಿದೆ ಅಂತಾನೇ ನೋಡ್ತೀರ” ಎಂದು ನನ್ನನ್ನು ಚುಡಾಯಿಸುತ್ತಾಳೆ. ಮೊದಲು ಹಾಡಿನ ತಟ್ಟೆಗಳ ಅಂಗಡಿ, ಆಮೇಲೆ ಪುಸ್ತಕದಂಗಡಿ. ಅಲ್ಲಿ ನಾನು ರಷ್ಯನ್ ಕಥೆಗಳ ಒಂದು ಅನುವಾದವನ್ನು ನಿಂತಲ್ಲೇ ಹದಿನಾಲ್ಕು ಪುಟ ಓದಿದೆ. ಅಷ್ಟು ಹೊತ್ತು ಮುಚ್ಚಳ ಮರೆತಿದ್ದೆ ಎಂಬುದನ್ನೂ ಬರೆಯಬೇಕು. ನಂತರ ಹಸಿರು ಸೋಯಾಕಾಳು ಅರೆದು ಹಚ್ಚಿದ ಅಕ್ಕಿ ಉಂಡೆ ತಿಂದೆವು. ನಿನಗೆ ಇಷ್ಟವೆಂದು ಒಂದು ಹೆಚ್ಚಿಗೆ ತೆಗೆದುಕೊಂಡು, ಅದನ್ನೂ ನಾನೇ ತಿಂದೆ. ಬೀದಿಯಲ್ಲಿ ಜನವೋ ಜನ. ಆದರೂ ಕೆಲವು ಕಿಟಕಿಗಳಿಗೆ ಗಾಜಿನ ಬದಲು ಇನ್ನೂ ಹಲಗೆ ಬಡಿದಿದೆ. ಪಿಂಗಾಣಿ ಅಂಗಡಿಗಳ ಕಪಾಟುಗಳಿಗೆ ಅಡ್ಡ ಹಗ್ಗ ಕಟ್ಟಿದ್ದಾರೆ.

ಐದು ಪಿಂಗಾಣಿ ಅಂಗಡಿ ಹತ್ತಿ ಇಳಿದೆವು. ನಾಲ್ಕನೆಯ ಅಂಗಡಿಯ ಯಜಮಾನರು ನನ್ನ ಅರ್ಧ ಮುಚ್ಚಳವನ್ನು ಬೆಳಕಿಗೆ ಹಿಡಿದು, “ಜೂನ್ ಆದ್ಮೇಲೆ ಊರಿಗೆ ಊರೇ ಇದನ್ನೇ ಕೇಳ್ತಿದೆ. ಬಟ್ಟಲಿದ್ರೆ ಮುಚ್ಚಳ ಇಲ್ಲ, ಮುಚ್ಚಳ ಇದ್ರೆ ಬಟ್ಟಲಿಲ್ಲ. ನಾನೀಗ ಅಂಗಡಿಯವನಲ್ಲಮ್ಮ, ಮದುವೆ ದಲ್ಲಾಳಿ” ಎಂದರು. ಕಿಯೊಮಿ, “ಹಾಗಾದ್ರೆ ಇವಳಿಗೂ ಒಂದು ನೋಡಿ, ಓದೋದು ಬಿಟ್ಟು ಬೇರೇನೂ ಬರಲ್ಲ” ಎಂದು ಸೇರಿಸಿದಳು. ಆಮೇಲೆ ಅವರು ತುಸು ಯೋಚಿಸಿ, ಜೋಡಿಯ ಆಸೆ ಬಿಟ್ಟು ಹೊಸ ಬಟ್ಟಲನ್ನೇ ಕೊಳ್ಳಿ, ಮುಚ್ಚಳವಿರುವ ಒಂಟಿ ಬಟ್ಟಲು ಬೇಕಾದರೆ ಹಿಂದಿನ ಬೀದಿಯಲ್ಲಿ ಪೀಠದ ಸಾಮಾನಿನ ಅಂಗಡಿ ಇದೆ, ಅಲ್ಲಿ ಖಂಡಿತ ಸಿಗುತ್ತದೆ ಎಂದರು. ಗತಿಸಿದವರ ಪೀಠಕ್ಕೆ ಬೇಕಾದ ದೀಪ, ಗಂಟೆ, ನೈವೇದ್ಯದ ಬಟ್ಟಲು ಮಾರುವ ಅಂಗಡಿ. ನನಗೆ ಗೊತ್ತಿಲ್ಲದೆ ಹೋದದ್ದಲ್ಲ. ಮುಚ್ಚಳ ಎಲ್ಲಿ ಮಾರಿದರೂ ಮುಚ್ಚಳವೇ, ಉಗಿಗೆ ಅಂಗಡಿಯ ಹೆಸರು ಗೊತ್ತಾಗುವುದಿಲ್ಲ ಎಂದುಕೊಂಡೆ. ನೀನಿದ್ದರೂ ಹಾಗೆಯೇ ಹೇಳುತ್ತಿದ್ದೆ. ಕಿಯೊಮಿ ಮಾತ್ರ, “ನಾನು ಒಳಗೆ ಬರಲ್ಲ, ಆ ವಾಸನೆ ನನಗಾಗಲ್ಲ” ಎಂದು ಹೊರಗೇ ನಿಂತಳು.

ಅಂಗಡಿಯಲ್ಲಿ ಒಬ್ಬ ಮುದುಕಿ ಚಾಪೆಯ ಮೇಲೆ ಕುಳಿತು ಗಂಟೆಗಳನ್ನು ಒರೆಸುತ್ತಿದ್ದಳು. ಮುಚ್ಚಳವಿರುವ ಅನ್ನದ ಬಟ್ಟಲು, ಒಬ್ಬರಿಗೆ ಸಾಕು ಎಂದೆ. “ಯಾರಿಗಮ್ಮಾ?” ಎಂದಳು. ಅಣ್ಣನಿಗೆ ಎಂದೆ. “ವಯಸ್ಸು?” ಇಪ್ಪತ್ತೆಂಟು ಎಂದೆ. ಅಳತೆ ಗೊತ್ತಾಗಲು ಕೇಳುತ್ತಿದ್ದಾಳೆ ಎಂದೇ ನಾನು ತಿಳಿದದ್ದು. ಅವಳು ಬಟ್ಟೆಯನ್ನು ಪಕ್ಕಕ್ಕಿಟ್ಟು, ನೆಟ್ಟಗೆ ಕುಳಿತು, ಎರಡೂ ಕೈ ಚಾಪೆಗೆ ಊರಿ ತಲೆ ಬಾಗಿಸಿದಳು. “ಎಂಥ ವಯಸ್ಸಲ್ಲಿ… ಮನೆಯವರು ಹೇಗೆ ತಡ್ಕೊಂಡ್ರೋ” ಎಂದಳು. ನಾನು ಆಗ ಇಲ್ಲ ಎನ್ನಬೇಕಿತ್ತು. ಒಂದೇ ಪದ. ಆದರೆ ಅಷ್ಟು ವಯಸ್ಸಾದವರು ಅಷ್ಟು ಕೆಳಗೆ ಬಾಗಿರುವಾಗ ನೀವು ತಪ್ಪು ತಿಳಿದಿರಿ ಎನ್ನುವುದು ಹೇಗೆ? ನನ್ನ ತಲೆ ತಾನಾಗಿ ಬಾಗಿತು. “ನಿಮ್ಮ ಕನಿಕರಕ್ಕೆ ಮನೆಯವರೆಲ್ಲರೂ ಋಣಿಗಳು” ಎಂದೆ. ಅಪ್ಪ ಹೋದಾಗ ಮೂರು ದಿನ ಬಾಗಿಲಲ್ಲಿ ನಿನ್ನ ಪಕ್ಕ ನಿಂತು ಬಂದವರಿಗೆಲ್ಲ ಹೇಳಿದ ಅದೇ ಮಾತು. ನನಗೆ ಒಂಬತ್ತು ವರ್ಷ. “ಅಳು ಬಂದ್ರೂ ಪರವಾಗಿಲ್ಲ, ತಲೆ ಬಗ್ಗಿಸಿ ಇಷ್ಟು ಹೇಳು ಸಾಕು” ಎಂದು ಕಲಿಸಿದವನು ನೀನು. ಹನ್ನೊಂದು ವರ್ಷವಾದರೂ ಒಂದಕ್ಷರ ಮರೆತಿರಲಿಲ್ಲ.

ಇನ್ನೂ ಒಂದೆರಡು ಮಾತು ಆಡಿ, ಅವಳು ಬಟ್ಟಲನ್ನು ಬೂದು ಕಾಗದದಲ್ಲಿ ಕಟ್ಟಿದಳು. ಜೊತೆಗೆ ಒಂದು ಕಟ್ಟು ಊದುಬತ್ತಿಯನ್ನು ತನ್ನ ಲೆಕ್ಕದಲ್ಲಿ ಇಟ್ಟು, ಅದರ ಮೇಲೆ ಪೆನ್ಸಿಲಿನಲ್ಲಿ ಏನೋ ಬರೆದು ಎರಡೂ ಕೈಯಲ್ಲಿ ಕೊಟ್ಟಳು. ಹೊರಗೆ ಬಂದು ನಡೆದದ್ದನ್ನು ಹೇಳಿದಾಗ ಕಿಯೊಮಿ ಹೊಟ್ಟೆ ಹಿಡಿದುಕೊಂಡು ನಗಲು ಶುರುಮಾಡಿದಳು. ನನ್ನ ಮುಖ ನೋಡಿ ಅರ್ಧಕ್ಕೇ ನಿಲ್ಲಿಸಿದಳು. “ಬದುಕಿರೋ ಅಣ್ಣನಿಗೆ ಸಂತಾಪ ಇಸ್ಕೊಂಡು ಬಂದ್ಯಲ್ಲೇ! ನಡಿ, ವಾಪಸ್ ಹೋಗಿ ಹೇಳು. ಅದನ್ನ ಹಾಗೇ ಮನೆಗೆ ತಗೊಂಡು ಹೋಗಬಾರದು ಕಣೇ” ಎಂದು ತೋಳು ಹಿಡಿದು ಎಳೆದುಕೊಂಡು ಹೋದಳು. ಆಗಲೇ ಅಂಗಡಿಯ ಬಾಗಿಲು ಎಳೆದಾಗಿತ್ತು. ಗಾಜಿನಾಚೆ ಮುದುಕಿ ದೀಪ ಆರಿಸುತ್ತಿದ್ದಳು. ನನ್ನನ್ನು ಕಂಡಳು. ಬಾಗಿಲು ತೆರೆಯಲು ಬರುತ್ತಾಳೆ ಎಂದುಕೊಂಡೆ. ಅವಳು ಇದ್ದಲ್ಲೇ ನಿಂತು ಮತ್ತೆ ತಲೆ ಬಾಗಿಸಿದಳು. ಅಣ್ಣಾ, ನಾನೂ ಬಾಗಿಸಿದೆ. ಕಿಯೊಮಿ ನನ್ನ ತೋಳು ಬಿಟ್ಟು ಬಸ್ಸಿನವರೆಗೆ ಒಂದು ಹೆಜ್ಜೆ ಮುಂದೆಯೇ ನಡೆದಳು.

ಬಸ್ಸಿನಲ್ಲಿ ಚೀಲದಿಂದ ಊದುಬತ್ತಿಯ ವಾಸನೆ ಏಳುತ್ತಿತ್ತು. ಪಕ್ಕದ ಹೆಂಗಸು ಕಿಟಕಿಯ ಕಡೆ ಸರಿದು ಕುಳಿತಳು. ಮನೆಯೊಡತಿ ಬಾಗಿಲು ತೆಗೆದವಳೇ, “ಯಾರಾದ್ರೂ ತೀರ್ಕೊಂಡ್ರಾ ಸಯೊಕೊ?” ಎಂದಳು. ಇಲ್ಲ, ಯಾರೂ ಇಲ್ಲ ಎಂದೆ. ಮಧ್ಯಾಹ್ನ ಬಾರದ ಪದ ಆಗ ಎರಡು ಸಲ ಬಂತು. ಬಟ್ಟಲನ್ನು ಅಮ್ಮನಿಗೆ ಕಳಿಸುವುದಿಲ್ಲ, ಎಲ್ಲಿಯೂ ಸಿಗಲಿಲ್ಲ ಎನ್ನುತ್ತೇನೆ. ಈಗಷ್ಟೇ ಅದರಲ್ಲಿ ಬಿಸಿ ಅನ್ನ ಹಾಕಿ, ಮುಚ್ಚಳವನ್ನು ಪಕ್ಕಕ್ಕಿಟ್ಟು, ಪೂರ್ತಿ ನಾನೇ ಉಂಡೆ. ಇನ್ನು ಅದು ನನ್ನ ಬಟ್ಟಲು. ಆ ಮುದುಕಿಯ ಮಾತು ಯಾರಿಗಾದರೂ ತಗುಲಲೇಬೇಕಿದ್ದರೆ ಉಂಡವರಿಗೆ ತಗುಲಲಿ. ಊರಿನಲ್ಲಿ ನಿನ್ನ ಬಟ್ಟಲು ನಿನ್ನ ಜಾಗದಲ್ಲೇ ಇದೆ, ಮಣ್ಣಿನ ಮುಚ್ಚಳದಡಿಯಲ್ಲಿ, ಒಂದು ಬಿರುಕೂ ಇಲ್ಲದೆ.

ಅಮ್ಮನ ಹರಕೆ, ಅಜ್ಜಿಯ ಗೊಣಗಾಟ ಎರಡನ್ನೂ ಈ ಲಕೋಟೆಯಲ್ಲೇ ಮಡಿಚಿಟ್ಟಿದ್ದೇನೆ. ಗಾಳಿ ಬಂದ ದಿನ ಹಡಗಿನ ಅಂಚಿಗೆ ಹೋಗಬೇಡ. ಬೆರಳು ಜೋಪಾನ.

ನಿನ್ನ ತಂಗಿ,
ಸಯೊಕೊ

ತಾ.ಕ. ಲಕೋಟೆ ಅಂಟಿಸುವ ಮೊದಲು ಇದನ್ನೂ ಬರೆದುಬಿಡುತ್ತೇನೆ, ಅಮ್ಮನಿಗೆ ಹೇಳಬೇಡ. ಆ ಮುದುಕಿ ಬಟ್ಟಲು ಕಟ್ಟುವಾಗ, “ಯಾವತ್ತು ಹೋದ್ರಮ್ಮಾ?” ಎಂದು ಕೇಳಿದಳು. ಗೊತ್ತಿಲ್ಲ ಎನ್ನಬಹುದಿತ್ತು. ನನ್ನ ಬಾಯಿ, “ಈ ತಿಂಗಳು ಒಂಬತ್ತಕ್ಕೆ” ಎಂದಿತು. ಹಲಗೆಯ ಅಂಕಿ ನಿಂತ ದಿನ. ಏಕೆ ಹಾಗೆ ಹೇಳಿದೆನೋ ನನಗೇ ತಿಳಿಯದು. ಅವಳು ಪಂಚಾಂಗ ನೋಡಿ ಎಣಿಸಿ, ಹೋದವರು ಮನೆಯ ಸೂರು ಬಿಟ್ಟು ಹೊರಡುವ ನಲವತ್ತೊಂಬತ್ತನೇ ದಿನವನ್ನು ಊದುಬತ್ತಿ ಕಟ್ಟಿನ ಮೇಲೆ ಬರೆದುಕೊಟ್ಟಳು: ನವೆಂಬರ್ ೨೬. ರಬ್ಬರಿನಿಂದ ಉಜ್ಜಿದೆ, ಗುರುತು ಹೋಗುತ್ತಿಲ್ಲ. ಹಡಗು ಇಪ್ಪತ್ತಕ್ಕೆ ಬಂದರಿಗೆ ಬರುತ್ತದಲ್ಲ, ಇಳಿದ ಕೂಡಲೇ ತಂತಿ ಕಳಿಸು. ಇಪ್ಪತ್ತಾರಕ್ಕೆ ಮೊದಲು ಬರಬೇಕು. ಉದ್ದ ಬೇಡ, ಒಂದೇ ಪದ ಸಾಕು. “ಪೆದ್ದಿ” ಎಂದಿದ್ದರೂ ಸಾಕು.