ಒಂದು ಮುಷ್ಟಿ ಹುಳಿಹಿಟ್ಟು

ಶನಿವಾರ, ಊಟವಾದ ಮೇಲೆ

ನನ್ನ ಮುದ್ದು ಚೂಟಿಗೆ,

ಕರ್ತನು ನಿನ್ನನ್ನೂ ನಿನ್ನ ಹೊಸ ಒಲೆಯನ್ನೂ ಕಾಯಲಿ. ಇಲ್ಲಿ ನನ್ನ ಮಂಡಿನೋವು, ಸೊಂಟನೋವು ಎಲ್ಲ ಕ್ಷೇಮ. ಒಂದೂ ನನ್ನನ್ನು ಬಿಟ್ಟುಹೋಗಿಲ್ಲ.

ನಿನ್ನ ಕಾಗದ ಬಂದು ವಾರವಾಯಿತು. ಸ್ವಂತ ಬೇಕರಿ ತೆರೆಯುತ್ತೀಯೆಂದು ಓದಿ ಕಣ್ಣು ತುಂಬಿತು. ‘ಅಜ್ಜಿ, ನಮ್ಮ ಭರಣಿಯಿಂದ ಒಂದು ಮುಷ್ಟಿ ಹುಳಿಹಿಟ್ಟು ಕಳಿಸು, ಅದಿಲ್ದೆ ನಾನು ಒಲೆ ಹಚ್ಚಲ್ಲ’ ಎಂದು ಬರೆದಿದ್ದೀಯಲ್ಲ, ಅಲ್ಲಿಗೆ ಬಂದಾಗ ಕನ್ನಡಕ ತೆಗೆದಿಟ್ಟುಬಿಟ್ಟೆ. ಅಜ್ಜಿ ಅರ್ಧಕ್ಕೇ ಶಾಲೆ ಬಿಟ್ಟವಳು, ಅಕ್ಷರ ಕೂಡಿಸಲು ತಡವಾಯಿತು ಎಂದುಕೊ.

ನಾನು ಈ ಮನೆಗೆ ಸೊಸೆಯಾಗಿ ಬಂದ ದಿನ ನನ್ನ ಅತ್ತೆ ಮೊದಲು ತೋರಿಸಿದ್ದು ಮಲಗುವ ಕೋಣೆಯನ್ನಲ್ಲ, ಆ ಭರಣಿಯನ್ನು. ಅದರಿಂದ ಒಂದು ಉಂಡೆ ತೆಗೆದು ಹೊಸ ಹಿಟ್ಟಿಗೆ ಹಾಕಬೇಕು. ಹಿಟ್ಟು ಉಬ್ಬಿದ ಮೇಲೆ ಒಂದು ಮುಷ್ಟಿ ಮತ್ತೆ ಭರಣಿಗೆ. ನಿನ್ನೆಯದು ಇಂದಿನದನ್ನು ಎಬ್ಬಿಸಬೇಕು, ಇಂದಿನದು ನಾಳೆಗೆ ಉಳಿಯಬೇಕು. ಇಷ್ಟೇ ವಿದ್ಯೆ. ನಿನಗೂ ಗೊತ್ತು. ಮತ್ತೇಕೆ ಬರೆಯುತ್ತಿದ್ದೇನೆ? ಮುಂದಿನದನ್ನು ಬರೆಯಲು ಕೈ ಬಾರದೆ.

ನೀನು ಹೋದ ಮೇಲೆ ನಿಮ್ಮಮ್ಮ ಇಲ್ಲಿ ನಮ್ಮ ಬೇಕರಿಗೆ ಹಿಟ್ಟು ನಾದುವ ಯಂತ್ರ ತರಿಸಿದಳು. ಆಮೇಲೆ ಫ್ರಿಜ್ಜು, ಅದರ ಹಿಂದೆಯೇ ಈಸ್ಟ್ ಪೊಟ್ಟಣ. ಇನ್ನು ನನ್ನ ಜಾಗಕ್ಕೊಂದು ಪ್ಲಾಸ್ಟಿಕ್ ಅಜ್ಜಿ ಬರುವುದೇ ಬಾಕಿ ಎಂದುಕೊಂಡೆ. ಅಂಗಡಿಯ ಮಾಲೆಲ್ಲ ಈಸ್ಟಿನದಾಯಿತು; ಪ್ರಾರ್ಥನಾಲಯದ ಕರ್ತನ ಭೋಜನದ ರೊಟ್ಟಿ ಮಾತ್ರ ನನ್ನ ಭರಣಿಗೆ ಉಳಿಯಿತು. ಒಂದು ದಿನ ನಿಮ್ಮಮ್ಮ, ‘ಹಳೇ ಹುಳಿ ತೆಗೆದುಹಾಕಿ ಅಂತ ಬೈಬಲ್ಲಲ್ಲೇ ಇದೆಯಲ್ಲ ಅತ್ತೆ’ ಎಂದು ನಕ್ಕಳು. ‘ಅದು ಮನಸ್ಸಿನ ಹುಳಿ ಕಣೇ, ತೆಗಿಯೋದಾದ್ರೆ ನಿನ್ನ ನಾಲಿಗೆಯಿಂದ ಶುರುಮಾಡು’ ಎಂದೆ. ಅವಳು ತಮಾಷೆಗೆ ಅಂದಿದ್ದಳೋ ಏನೋ. ನನಗೆ ಮಾತ್ರ ಹೆದರಿಕೆ ಹೊಕ್ಕಿತು. ನಾನಿಲ್ಲದ ಹೊತ್ತಿನಲ್ಲಿ ಭರಣಿ ತೊಳೆದಿಟ್ಟುಬಿಟ್ಟರೆ?

ಭರಣಿಯನ್ನು ಎತ್ತಿಕೊಂಡು ಹೋಗಿ ನನ್ನ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಬೀಗ ಜಡಿದೆ. ದಿನವೂ ಬಾಗಿಲು ಹಾಕಿಕೊಂಡು ಅದಕ್ಕೆ ಹಿಟ್ಟು, ನೀರು ಹಾಕುತ್ತಿದ್ದೆ, ಕಳ್ಳಬಸುರಿಗೆ ಉಣ್ಣಿಸಿದ ಹಾಗೆ. ಅಷ್ಟರಲ್ಲಿ ಜ್ವರ ಬಂತು. ನಿಮ್ಮಮ್ಮನೇ ಗಂಜಿ ಕುಡಿಸಿ ಎಬ್ಬಿಸಿ ಕೂರಿಸಿದಳು. ಭರಣಿಗೆ ಯಾರು ಕುಡಿಸಬೇಕಿತ್ತು? ಬೀಗದ ಕೈ ನನ್ನ ಸೊಂಟದಲ್ಲೇ ಇತ್ತು. ಎದ್ದು ಮುಚ್ಚಳ ತೆಗೆದರೆ ಮೇಲೆ ಕಪ್ಪು ನೀರು, ಅಂಚಿಗೆಲ್ಲ ಬೂಷ್ಟು. ಬಿಸಿನೀರು ಹಾಕಿದೆ, ಶಾಲು ಹೊದಿಸಿದೆ, ಮೊಣಕಾಲೂರಿ ಬೇಡಿಕೊಂಡೆ. ಸತ್ತ ಲಾಜರನು ನಾಲ್ಕನೇ ದಿನ ಸಮಾಧಿಯಿಂದ ಎದ್ದನಂತೆ. ಇದು ಏಳಲಿಲ್ಲ.

ಆವತ್ತಿನಿಂದ ಪ್ರಾರ್ಥನಾಲಯದ ರೊಟ್ಟಿಗೆ ನಿಮ್ಮಮ್ಮನ ಪೊಟ್ಟಣ ಕದ್ದು ಹಾಕುತ್ತಿದ್ದೇನೆ. ಪಾದ್ರಿಗಳು ಎಲ್ಲರ ಮುಂದೆ, ‘ಅಮ್ಮಾ, ಹಳೇ ಕೈಯ ರುಚಿಯೇ ಬೇರೆ’ ಎಂದರು. ‘ಸ್ತೋತ್ರ’ ಎಂದು ತಲೆ ತಗ್ಗಿಸಿದೆ. ನಿಜ ಹೇಳಬೇಕೆಂದರೆ ರೊಟ್ಟಿ ಚೆನ್ನಾಗಿಯೇ ಉಬ್ಬಿತ್ತು. ಯಂತ್ರವೂ ಅಷ್ಟೇ. ನನ್ನ ಮಣಿಕಟ್ಟನ್ನು ಕೇಳಿದರೆ, ಆ ಯಂತ್ರ ಮಾಡಿದವನಿಗೆ ಪರಲೋಕದಲ್ಲಿ ಮುಂದಿನ ಬೆಂಚು ಸಿಗಬೇಕು.

ಹೋದ ಭಾನುವಾರ ಪಾದ್ರಿಗಳು ಮನೆಯ ಯಜಮಾನನ ಸಾಮ್ಯದ ಕಥೆ ಓದಿದರು. ತನ್ನ ಬೊಕ್ಕಸದಿಂದ ಹೊಸದನ್ನೂ ಹಳೆಯದನ್ನೂ ಹೊರಗೆ ತೆಗೆಯುತ್ತಾನಲ್ಲ, ಅವನದು. ಇಷ್ಟು ವರ್ಷ ಆ ಮಾತು ಕೇಳಿದಾಗೆಲ್ಲ ನನಗೆ ಕೇಳಿಸುತ್ತಿದ್ದದ್ದು ‘ಹಳೆಯದು’ ಒಂದೇ. ಈ ಸಲ ‘ಹೊರಗೆ ತೆಗೆಯುತ್ತಾನೆ’ ಎಂಬುದು ಕೇಳಿಸಿತು. ಯೇಸುಸ್ವಾಮಿ ಬೀಗ ಹಾಕುವವನನ್ನು ಹೊಗಳಲಿಲ್ಲ ಕಣೇ. ಕೂತಲ್ಲೇ ಬೀಗದ ಕೈ ಸೊಂಟಕ್ಕೆ ಚುಚ್ಚಿತು.

ಹಾಗಾಗಿ ಮಗಳೇ, ನೀನು ಕೇಳಿದ ಮುಷ್ಟಿ ನನ್ನಲ್ಲಿಲ್ಲ. ನನ್ನ ಅತ್ತೆ ಕೊಟ್ಟದ್ದನ್ನು ನಿನಗೆ ಮುಟ್ಟಿಸಲಾಗದೆ ಹೋದೆ. ಪೊಟ್ಟಣದಿಂದಲೇ ಶುರುಮಾಡು. ಆ ಹಿಟ್ಟಿನಿಂದ ಒಂದು ಮುಷ್ಟಿ ಎತ್ತಿಡು, ಮರುದಿನದ್ದಕ್ಕೆ ಬೆರೆಸು. ಯಾವ ಹಳೆಯದೂ ಹಳೆಯದಾಗಿಯೇ ಹುಟ್ಟಲಿಲ್ಲ. ಆದರೆ ಅದಕ್ಕಾಗಿ ಒಲೆ ಹಚ್ಚದೆ ಮಾತ್ರ ಕೂರಬೇಡ.

ನಿಮ್ಮಮ್ಮನಿಗೆ ಇನ್ನೂ ಹೇಳಿಲ್ಲ. ಹೇಳಬೇಕು. ಸಾಕಾಗಿದೆ ಚೂಟಿ. ಹಿಟ್ಟಿನ ಮೂಟೆ ಹೊತ್ತು ಬೆಳೆದ ಮೈ ಇದು, ಆದರೂ ಈ ಸುಳ್ಳು ಹೊತ್ತು ನಡೆಯಲು ಆಗುತ್ತಿಲ್ಲ.

ಬಾಯಿ ಜೋರು, ಕೈ ಖಾಲಿ,
ನಿನ್ನ ಅಜ್ಜಿ

ಲಕೋಟೆ ಅಂಟಿಸುವ ಮುಂಚೆ ಇನ್ನೊಂದು ಮಾತು: ವಿಳಾಸ ಬರೆಸಲು ನಿಮ್ಮಮ್ಮನ ಹತ್ತಿರ ಹೋದೆ. ನಾನೇ ನಿಂತಲ್ಲೇ ಎಲ್ಲ ಒದರಿಬಿಟ್ಟೆ. ಅವಳು ಕೈ ಒರೆಸಿಕೊಂಡು ಫ್ರಿಜ್ಜು ತೆಗೆದಳು. ನಾನು ಮುಟ್ಟುವುದೇ ಇಲ್ಲ ಎಂದು ಆಣೆ ಹಾಕಿದ ಫ್ರಿಜ್ಜು. ಬೆಣ್ಣೆಯ ಹಿಂದಿನಿಂದ ಒಂದು ಗಾಜಿನ ಡಬ್ಬಿ ಎಳೆದಳು. ಒಳಗೆ ಬೆಳ್ಳಗೆ, ಗುಳ್ಳೆಗುಳ್ಳೆಯಾಗಿ, ಅದೇ ವಾಸನೆ! ‘ನೀವು ಬೀಗ ಹುಡುಕ್ತಿದ್ದಾಗಲೇ ಒಂದು ಮುಷ್ಟಿ ತೆಗೆದಿಟ್ಟೆ ಅತ್ತೆ. ತಣ್ಣಗಿದ್ರೆ ವಾರಕ್ಕೊಂದ್ಸಲ ಹಿಟ್ಟು ಹಾಕಿದ್ರೂ ಸಾಕು’ ಎಂದಳು. ‘ಬಾಯಿ ಬಿಟ್ಟು ಹೇಳಬಾರದಿತ್ತೇನೇ?’ ಎಂದೆ. ‘ನೀವು ಮುಚ್ಚಿದ್ರೆ ತಾನೇ ನಾನು ಬಿಡೋದು!’

ನಾಳೆಯ ರೊಟ್ಟಿಗೆ ಹಳೇ ಹುಳಿ, ನಾದುವುದು ಯಂತ್ರ. ಪಾದ್ರಿಗಳಿಗೂ ನಾಳೆಯೇ ಹೇಳಿಬಿಡುತ್ತೇನೆ. ನಿನ್ನ ಪಾಲು ಮುಂದಿನ ವಾರ ನಿಮ್ಮಪ್ಪನ ಕೈಯಲ್ಲಿ ಬರುತ್ತದೆ, ಬಂದ ಕೂಡಲೇ ಹಿಟ್ಟು ಹಾಕು. ಮುಚ್ಚಳದ ಮೇಲಿನ ಚೀಟಿ ನೋಡಿ ನಗಬೇಡ. ನಿಮ್ಮಮ್ಮ ಅದರ ಮೇಲೆ ‘ಅತ್ತೆ’ ಎಂದು ಬರೆದಿದ್ದಾಳೆ. ಯಾಕೆ ಎಂದು ಕೇಳಿದೆ. ‘ಹುಳಿ ಜಾಸ್ತಿ ಅಲ್ವಾ? ಆದ್ರೆ ಇಲ್ದಿದ್ರೆ ಮನೇಲಿ ಏನೂ ಏಳಲ್ಲ’ ಎಂದಳು.